ಕಂಬಳಿ

ಚಳ್ಳಕೆರೆಯ ಹೊಸ ಕರಿಕಂಬಳಿಯನ್ನು ಒಮ್ಮೆ ಮೂಗಿಗೆ ಹಿಡಿದು ನೋಡಿ. ಕುರಿಯ ಜಿಡ್ಡು, ಅದರ ಜೊತೆಗೆ ಹಾಸಿನ ನೂಲಿಗೆ ಬಳಿದ ಹುಣಸೆಬೀಜದ ಗಂಜಿ. ಬೆನ್ನಿಗೆ ಚುಚ್ಚುತ್ತದೆ, ಹೊದ್ದು ಹೊದ್ದು ಮೆತ್ತಗಾಗುತ್ತದೆ.

ಪದ ಸಂಸ್ಕೃತದ ‘ಕಂಬಲ’ದಿಂದ ಬಂದದ್ದು, ಅಥರ್ವವೇದದಲ್ಲೇ ಇದೆ. ಕನ್ನಡದ ಬಾಯಲ್ಲಿ ಲಕಾರ ಳಕಾರವಾಗಿ, ಕೊನೆಗೆ ಇಕಾರ ಸೇರಿತು. ಬುದ್ಧನ ಕಾಲದ ದಾರ್ಶನಿಕ ಅಜಿತನಿಗೆ ‘ಕೇಶಕಂಬಲಿ’ ಎಂದೇ ಹೆಸರು. ಅವನು ಹೊದ್ದದ್ದು ಕೂದಲಿನ ಕಂಬಳಿ. ಚಳಿಗೆ ತಣ್ಣಗೆ, ಸೆಕೆಗೆ ಬಿಸಿ, ಮೇಲೆ ದುರ್ವಾಸನೆ ಎಂದು ಪಾಲಿ ಗ್ರಂಥ ಅಂಥ ಹೊದಿಕೆಯನ್ನು ಹಳಿಯುತ್ತದೆ. ನಮ್ಮ ಕುರಿಯುಣ್ಣೆಗೆ ಆ ಮಾತು ಅನ್ವಯಿಸದು!

ಗ್ರೀಕ್ ಲೇಖಕ ಲಾಂಗಸ್‌ನ ‘ಡ್ಯಾಫ್ನಿಸ್ ಮತ್ತು ಕ್ಲೋಯಿ’ ಕಾದಂಬರಿಯೂ ಕುರಿ, ಆಡು ಕಾಯುವವರದೇ. ಆದರೆ ಅಲ್ಲಿ ಹೆತ್ತವರು ತೊರೆದ ಹುಡುಗ ಡ್ಯಾಫ್ನಿಸ್‌ನ ಹುಟ್ಟನ್ನು ಹೇಳುವುದು ಕೂಸಿನ ಜೊತೆ ಇಟ್ಟ ಕೆನ್ನೇರಳೆ ವಸ್ತ್ರ, ದಂತದ ಹಿಡಿಯ ಕತ್ತಿ. ಕುರಿಗಾಹಿಯ ಒರಟು ಹೊದಿಕೆಗೆ ಆ ಭಾಗ್ಯವಿಲ್ಲ. ಚಳ್ಳಕೆರೆಯ ಪಕ್ಕದ ಮೊಳಕಾಲ್ಮೂರಿನಲ್ಲೂ ಹಾಗೇ, ಹೆಸರೆಲ್ಲ ರೇಷ್ಮೆ ಸೀರೆಗೆ.

ಆದರೂ ಮಳೆಗೆ ಕಂಬಳಿಕೊಪ್ಪೆ, ದೇವರಿಗೆ ಕಂಬಳಿ ಗದ್ದುಗೆ. ಮೈತುಂಬ ರೋಮದ ಹುಳುವಿಗೂ ಅದೇ ಹೆಸರು. ಕೊಂಡರೆ ಬಿಸಿನೀರಿಗೆ ಮಾತ್ರ ಹಾಕಬೇಡಿ, ಕುಗ್ಗುತ್ತದೆ.