ಹೈದರಾಬಾದಿನ ಫುಟ್‌ಬಾಲೂ ನನ್ನ ಆರಿದ ಹುರುಪೂ

ಗುಲ್ಬರ್ಗದಿಂದ ಬಂದ ನನಗೆ ಹೈದರಾಬಾದು ನನ್ನೂರು ಅನ್ನಿಸಿದ್ದೇ ಫುಟ್‌ಬಾಲಿನಿಂದ. 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದದ್ದು ಇಲ್ಲಿನ ಸಿಟಿ ಪೊಲೀಸ್ ತಂಡ ಸ್ವಾಮಿ! ಅದನ್ನು ಪಳಗಿಸಿದವರು ಸೈಯದ್ ಅಬ್ದುಲ್ ರಹೀಂ. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದದ್ದೂ ಅವರ ತರಬೇತಿಯಲ್ಲೇ. 1963ರಲ್ಲಿ ಅವರು ತೀರಿಕೊಂಡರು. ಒಳ್ಳೆಯ ಆಟಗಾರರು ಕೋಲ್ಕತ್ತದ ಕ್ಲಬ್ಬುಗಳ ಪಾಲಾದರು, ಪೊಲೀಸ್ ತಂಡ ಮಂಕಾಯಿತು.

2019ರಲ್ಲಿ ಹೈದರಾಬಾದ್ ಎಫ್‌ಸಿ ಹುಟ್ಟಿದಾಗ ಮತ್ತೆ ಆಸೆ ಚಿಗುರಿತು. 2022ರ ಮಾರ್ಚಿನಲ್ಲಿ ಐಎಸ್‌ಎಲ್ ಕಪ್ಪೂ ಬಂತು. ಆದರೆ 2023-24ರಲ್ಲಿ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ! ಸೋಲನ್ನು ಹೇಗೋ ಸಹಿಸಿಕೊಂಡೆ. ಸಂಬಳ ಬಾಕಿಯಿಂದ ಆಟಗಾರರು ಒಬ್ಬೊಬ್ಬರೇ ಹೊರಟಾಗ ಮನಸ್ಸು ಮುರಿಯಿತು. 2025ರಲ್ಲಿ ತಂಡವೇ ದೆಹಲಿಗೆ ಹೋಯಿತು. ಊರು ಬಿಟ್ಟು ಬಂದ ನಾನು ಇಲ್ಲೇ ಉಳಿದೆ, ಈ ಊರಿನ ತಂಡವೇ ಊರು ಬಿಟ್ಟಿತು. ಇನ್ನು ಯಾರಿಗೆ ಅಂತ ಚಪ್ಪಾಳೆ ತಟ್ಟೋದು?