ಬರೋಕ್ ಸಂಗೀತವೂ ಪ್ರಾಚೀನ ವಾದ್ಯಗಳ ಸಾಕ್ಷ್ಯವೂ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಭಿತ್ತಿಚಿತ್ರಗಳನ್ನು ಕಂಡವರು ಅವು ಯೂರೋಪಿನ ಬರೋಕ್ ಯುಗದವೆಂದು ಭ್ರಮಿಸುವುದುಂಟು. ಆದರೆ ಇಟಲಿಯ ಜೆಸುಯಿಟ್ ಸೋದರ ಅಂತೋನಿಯೊ ಮೊಸ್ಕೇನಿ ಅವುಗಳ ರಚನೆಗೆ ತೊಡಗಿದುದು 1899ರಲ್ಲಿ. ಸಂಗೀತೇತಿಹಾಸದಲ್ಲಿ ಬರೋಕ್ ಯುಗವಾದರೋ ಸುಮಾರು 1600ರಿಂದ 1750ರವರೆಗಿನದು. ಶೈಲಿಯ ಕಾಲ ಬೇರೆ, ಕೃತಿಯ ಕಾಲ ಬೇರೆ. ಈ ವಿವೇಚನೆ ಸಂಗೀತಕ್ಕೂ ಅಗತ್ಯ.

1953ರಲ್ಲಿ ನಿಕೊಲಾಸ್ ಹಾರ್ನನ್‌ಕೋರ್ಟರು ವಿಯೆನ್ನಾದಲ್ಲಿ ಸ್ಥಾಪಿಸಿದ ಕೊನ್‌ಚೆಂಟುಸ್ ಮೂಸಿಕುಸ್ ವೃಂದವು ಆ ಯುಗದ ಕೃತಿಗಳನ್ನು ಆ ಯುಗದ ವಾದ್ಯಗಳಲ್ಲಿಯೇ ನುಡಿಸಲು ಯತ್ನಿಸಿತು. ಕರುಳಿನ ತಂತಿಯ ಪಿಟೀಲು, ಮರದ ಕೊಳಲು, ಹಾರ್ಪ್ಸಿಕಾರ್ಡುಗಳ ನಾದ ಮೃದು. ಅವು ಒಂದನ್ನೊಂದು ಮುಚ್ಚಿಹಾಕುವುದಿಲ್ಲ. ಲಿಪಿಯಲ್ಲಿ ಕಾಣದ ಈ ಸಮತೋಲವನ್ನು ವಾದ್ಯಗಳೇ ತಿಳಿಸಿದುವು. ಆದುದರಿಂದ ವಾದ್ಯವೂ ಇತಿಹಾಸಕಾರನಿಗೆ ಒಂದು ಆಕರವೇ ಸರಿ.

ಆದರೂ ಈ ಸಾಕ್ಷ್ಯಕ್ಕೆ ಮಿತಿಯುಂಟು. ಇಂದು ಇಂಥ ವೃಂದಗಳು ಸಾಮಾನ್ಯವಾಗಿ ಅನುಸರಿಸುವ 415 ಹರ್ಟ್ಸ್ ಶ್ರುತಿಯು ಈಚಿನ ಒಪ್ಪಂದ. ಅಂದು ಶ್ರುತಿ ಊರಿಂದೂರಿಗೆ ಭಿನ್ನವಾಗಿತ್ತು. ಸ್ವರಾಲಂಕಾರಗಳನ್ನು ಬಹುಮಟ್ಟಿಗೆ ವಾದಕನ ಅಭಿರುಚಿಗೇ ಬಿಡಲಾಗುತ್ತಿತ್ತು. ಆ ಪಾಠಪರಂಪರೆ ಕಡಿದುಹೋದುದರಿಂದ ಕ್ವಾಂಟ್ಸ್ 1752ರಲ್ಲಿ ಪ್ರಕಟಿಸಿದ ಕೊಳಲಿನ ಶಾಸ್ತ್ರಗ್ರಂಥದಂತಹ ಬರಹಗಳನ್ನು ಇಂದಿನವರು ಆಶ್ರಯಿಸಬೇಕಾಗಿದೆ.

ನಮ್ಮ ಗಮಕಗಳೂ ಲಿಪಿಗಿಂತ ಗುರುಮುಖದಿಂದಲೇ ಹೆಚ್ಚಾಗಿ ಉಳಿದುಬಂದಿವೆ. ವಾದ್ಯವನ್ನು ಮತ್ತೆ ನಿರ್ಮಿಸಬಹುದು. ಕಡಿದ ಪಾಠವನ್ನು ಊಹಿಸಬಹುದಷ್ಟೆ. ವಸ್ತುಸಂಗ್ರಹಾಲಯದಲ್ಲಿ ವೀಣೆಯನ್ನು ಕಾಪಾಡಿದರೆ ಸಾಲದು, ಅದನ್ನು ನುಡಿಸುವ ಬಾನಿಯನ್ನೂ ದಾಖಲಿಸುವುದು ಸಂಶೋಧಕರ ಕರ್ತವ್ಯವಾಗಿದೆ.