ಇಲಿ ಬಿದ್ದ ಮನೆ

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಹಳೆಯ ಮೈಸೂರು ಸೀಮೆಯ ರೈತನು ವೈದ್ಯನಿಗಾಗಿ ಕಾಯುತ್ತಿರಲಿಲ್ಲ. ಹೆಂಡತಿ ಮಕ್ಕಳೊಡನೆ, ದನಕರುಗಳೊಡನೆ ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದನು. ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯ ಕುಟುಂಬಗಳಲ್ಲಿ ಅಜ್ಜಿಯರ ಬಾಯಿಂದ ಇದನ್ನು ಕೇಳಿದವರು ಇನ್ನೂ ಇರಬಹುದು. ಅದು ಪ್ಲೇಗಿನ ಕಾಲ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅದು ಬಂದದ್ದು ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲಿ; ಆ ರೈಲುಹಾದಿ ಗುಬ್ಬಿ, ತುಮಕೂರುಗಳನ್ನು ಹಾಯ್ದೇ ಬೆಂಗಳೂರಿಗೆ ಸಾಗುತ್ತದೆ.

ಅಂದಿನ ಅಧಿಕಾರಿಗಳನ್ನು ದೂಷಿಸುವುದು ಸುಲಭ. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಆದರೆ ಇಲಿಯ ಮೈಮೇಲಿನ ಚಿಗಟವೇ ಅದನ್ನು ಮನುಷ್ಯನಿಗೆ ದಾಟಿಸುತ್ತದೆಂದು 1898ರಲ್ಲಿ ಸಿಮೊಂಡ್ ಹೇಳಿದಾಗ ವಿದ್ವಾಂಸರು ಹಲವು ವರ್ಷ ನಂಬಲಿಲ್ಲ. ಇಲಿ ಬಿದ್ದೊಡನೆ ಮನೆ ಬಿಡುತ್ತಿದ್ದ ರೈತನು ಕಾರಣ ತಿಳಿಯದೆಯೇ ಸರಿಯಾದುದನ್ನು ಮಾಡುತ್ತಿದ್ದನು! ಬಲವಂತದಿಂದ ಏನಾಗುತ್ತದೆಂಬುದನ್ನು ಪುಣೆ ಆಗಲೇ ತೋರಿಸಿತ್ತು. ಅಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನರು ರೋಗಿಗಳನ್ನು ಅಡಗಿಸಿಟ್ಟರು. 1897ರ ಜೂನಿನಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್ ಅವರ ಮೇಲೆ ಗುಂಡು ಹಾರಿತು. ಅಡಗಿಸಿಟ್ಟ ರೋಗವನ್ನು ಯಾವ ಸರ್ಕಾರ ತಾನೇ ಎಣಿಸಬಲ್ಲದು?

ಮೈಸೂರು ಸಂಸ್ಥಾನವು ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರನ್ನಾಗಿ ನೇಮಿಸಿತು. ಕೆಲಸಗಳನ್ನು ಹೊಂದಿಸಲು ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆಯಲಾಯಿತು. ಒಳ್ಳೆಯ ಕೆಲಸವೇ, ಆದರೆ ತಂತಿ ಬಂದದ್ದು ರೋಗ ಬಂದ ಮೇಲೆ.

ಮಂಗಳೂರಿನ ಕಂಕನಾಡಿಯ ಕಥೆ ಬೇರೆ. ಯೇಸುಸಭೆಯ ಜರ್ಮನ್ ಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಹೋಮಿಯೋಪಥಿ ಔಷಧ ಹಂಚತೊಡಗಿದಾಗ ಪ್ಲೇಗು ಯಾರ ಕನಸಿನಲ್ಲಿಯೂ ಇರಲಿಲ್ಲ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು. 1902ರಲ್ಲಿ ಪ್ಲೇಗಿನ ಆಸ್ಪತ್ರೆ. ಔಷಧದ ಮಾತು ಬಿಡಿ, ಅಂದು ಪ್ಲೇಗನ್ನು ಗುಣಪಡಿಸುವ ಮದ್ದು ಯಾರ ಬಳಿಯೂ ಇರಲಿಲ್ಲ. ರೋಗಿಯು ಹೆದರದೆ ತಟ್ಟಬಹುದಾದ ಬಾಗಿಲೊಂದು ಇಪ್ಪತ್ತು ವರ್ಷ ಮೊದಲೇ ತೆರೆದಿತ್ತು. ಇಂಥ ಬಾಗಿಲನ್ನು ರೋಗ ಬಂದ ವಾರದಲ್ಲಿ ಕಟ್ಟಲಾಗದು.

ಮುಂದೆ ಯಾವ ರೋಗ ಬರುವುದೆಂದು ಯಾವ ಆರೋಗ್ಯಾಧಿಕಾರಿಯೂ ಹೇಳಲಾರರು. 2020ರಲ್ಲಿ ನಾವೆಲ್ಲರೂ ಅದನ್ನು ಕಂಡೆವು. ಮೊದಲ ಸುಳಿವು ಮಾತ್ರ ಅನೇಕ ಸಲ ಮೂಕಪ್ರಾಣಿಗಳಿಂದಲೇ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿ ಹೊಸದೊಂದು ವೈರಾಣುವನ್ನೇ ಕಂಡರು. ಉಣ್ಣೆಯ ಕಡಿತದಿಂದ ಹರಡುವ ಆ ರೋಗವೇ ಮಂಗನ ಕಾಯಿಲೆ. ಸತ್ತ ಮಂಗವನ್ನು ಕಂಡವರು ಕೂಡಲೇ ತಿಳಿಸಬೇಕೆಂದು ಆರೋಗ್ಯ ಇಲಾಖೆಯು ಇಂದಿಗೂ ಮಲೆನಾಡಿನಲ್ಲಿ ಸಾರುತ್ತದೆ. ಕಾಣುವವರು ಸೌದೆಗೆ, ಸೊಪ್ಪಿಗೆ ಕಾಡು ಹೊಕ್ಕವರೇ.